ಎಂಟ್ರಿ ಫಾರ್ಮಿನ ಹಿಂಬದಿ



ಫೋಟೋ ಸ್ಪರ್ಧೆಯ ಪ್ರಕಟಣೆ ವಾಟ್ಸಾಪಿನಲ್ಲಿ ಬಂದರೆ ನಾವು ನೋಡುವುದು ಎರಡೇ ವಿಷಯ: ಬಹುಮಾನ ಎಷ್ಟು, ಕೊನೆಯ ದಿನ ಯಾವುದು. ಫಾರ್ಮಿನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ನಿಯಮಗಳು ಇರುತ್ತವೆ. ಅವನ್ನು ಓದುವವರು ಕಡಿಮೆ. ನಾನು ಕಾಮರ್ಸ್ ವಿದ್ಯಾರ್ಥಿ, ಸಿಎ ಫೌಂಡೇಶನ್‌ಗೂ ಓದುತ್ತಿದ್ದೇನೆ. ಅದರಲ್ಲಿ 1872ರ ಭಾರತೀಯ ಒಪ್ಪಂದ ಕಾಯ್ದೆ ಒಂದು ದೊಡ್ಡ ಪಾಠ. ಅದನ್ನು ಓದಿದ ಮೇಲೆ ಸಣ್ಣ ಅಕ್ಷರ ಎಲ್ಲಿ ಕಂಡರೂ ಓದುವ ಅಭ್ಯಾಸವಾಗಿದೆ. ಈ ವರ್ಷ ನಮ್ಮ ನಗರದ ಒಂದು ಸಣ್ಣ ಕ್ಯಾಮೆರಾ ಕ್ಲಬ್ ಸ್ಪರ್ಧೆ ಇಟ್ಟಿತ್ತು. ಅದೇ ಸಮಯಕ್ಕೆ ಒಂದು ಖಾಸಗಿ ಕಂಪನಿಯ ಸ್ಪರ್ಧೆಯೂ ಬಂತು. ನನ್ನ ಕೈಯಲ್ಲಿದ್ದದ್ದು ಒಂದೇ ಒಳ್ಳೆಯ ಚಿತ್ರ. ಎರಡೂ ಫಾರ್ಮುಗಳನ್ನು ಪಕ್ಕಪಕ್ಕ ಇಟ್ಟು ಓದಿದಾಗ ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಕ್ಲಬ್ ಅಂದರೆ ಏನು ಎಂದು ಹೇಳಬೇಕು. ಸ್ಟುಡಿಯೋ ಬೇರೆ, ಕ್ಲಬ್ ಬೇರೆ. ಕ್ಲಬ್‌ನಲ್ಲಿ ಬ್ಯಾಂಕ್ ನೌಕರರು, ಡಾಕ್ಟರು, ಅಂಗಡಿ ಇಟ್ಟವರು, ವಿದ್ಯಾರ್ಥಿಗಳು, ಹೀಗೆ ಹವ್ಯಾಸಕ್ಕೆ ಫೋಟೋ ತೆಗೆಯುವವರು ತಿಂಗಳಿಗೊಮ್ಮೆ ಸೇರುತ್ತಾರೆ. ಚಿತ್ರಗಳನ್ನು ಪರದೆಯ ಮೇಲೆ ಹಾಕಿ ಒಬ್ಬರ ಚಿತ್ರದ ಬಗ್ಗೆ ಇನ್ನೊಬ್ಬರು ಮಾತಾಡುತ್ತಾರೆ. ಇದು ಹೊಸ ಪದ್ಧತಿಯಲ್ಲ. ಲಂಡನ್ನಿನ ಫೋಟೋಗ್ರಾಫಿಕ್ ಸೊಸೈಟಿ 1853ರಲ್ಲಿ ಶುರುವಾದರೆ, ಮರುವರ್ಷವೇ ಮುಂಬೈಯಲ್ಲಿ ಒಂದು ಸೊಸೈಟಿ ಹುಟ್ಟಿತು. ನಮ್ಮ ರಾಜ್ಯದಲ್ಲಿ ಹೆಸರಾದದ್ದು ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ, 1971ರಲ್ಲಿ ಶುರುವಾಯಿತು. ದೇಶದ ಕ್ಲಬ್‌ಗಳಿಗೆ ಮೇಲಿನ ಸಂಸ್ಥೆಯಾದ ಫೆಡರೇಶನ್ ಆಫ್ ಇಂಡಿಯನ್ ಫೋಟೋಗ್ರಫಿಯನ್ನು 1953ರಲ್ಲಿ ಕಟ್ಟಿದವರು ಡಾ. ಜಿ. ಥಾಮಸ್. ಅದಕ್ಕೂ ಮೇಲೆ 1950ರಲ್ಲಿ ಯೂರೋಪಿನಲ್ಲಿ ಹುಟ್ಟಿದ ಫಿಯಾಪ್ ಎಂಬ ಅಂತರರಾಷ್ಟ್ರೀಯ ಒಕ್ಕೂಟ ಇದೆ. ಸಣ್ಣ ಕ್ಲಬ್‌ಗಳ ನಿಯಮಗಳಲ್ಲಿ ಹೆಚ್ಚಿನವು ಈ ದೊಡ್ಡ ಸಂಸ್ಥೆಗಳಿಂದ ಇಳಿದು ಬಂದವು.

ಕಾಮರ್ಸಿನವರಿಗೆ ಖುಷಿ ಕೊಡುವ ಒಂದು ಮಾತು. ದೇವರಾಜ ಅರಸು ಅವರ ಸರ್ಕಾರದಲ್ಲಿ 1972ರಿಂದ ಹಣಕಾಸು ಮಂತ್ರಿಯಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆ ಅವರು ದೊಡ್ಡ ವನ್ಯಜೀವಿ ಛಾಯಾಗ್ರಾಹಕರೂ ಆಗಿದ್ದರು. ಬಜೆಟ್ ಮಂಡಿಸುವವರೇ ಕಾಡಿಗೆ ಹೋಗಿ ಆನೆಗಾಗಿ ಕಾದು ಕೂರುತ್ತಿದ್ದರು!

ಈಗ ನಿಯಮಕ್ಕೆ ಬರೋಣ. ಕ್ಲಬ್‌ಗಳ ಫಾರ್ಮಿನಲ್ಲಿ ಸಾಮಾನ್ಯವಾಗಿ ಬರುವ ಮಾತು, ಚಿತ್ರದ ಪ್ರತಿಯೊಂದು ಭಾಗವನ್ನೂ ಕಳಿಸುವವರೇ ಕ್ಯಾಮೆರಾದಲ್ಲಿ ತೆಗೆದಿರಬೇಕು ಎಂಬುದು. ಮೊಬೈಲ್ ಕ್ಯಾಮೆರಾ ಆದರೂ ಆಗುತ್ತದೆ. ಆದರೆ ಆಕಾಶ ಚೆನ್ನಾಗಿಲ್ಲವೆಂದು ಇಂಟರ್ನೆಟ್ಟಿನಿಂದ ಮೋಡ ತಂದು ಅಂಟಿಸುವಂತಿಲ್ಲ. ಎಐಗೆ ಬರೆದು ಹೇಳಿ ಚಿತ್ರ ಮಾಡಿಸುವಂತಿಲ್ಲ. ನಮ್ಮ ಮನೆಯಲ್ಲಿ ಕೋಣೆಗೆ ‘ಕಮ್ರಾ’ ಅನ್ನುತ್ತೇವೆ. ಕ್ಯಾಮೆರಾ ಅಂದರೂ ಲ್ಯಾಟಿನ್‌ನಲ್ಲಿ ಕೋಣೆಯೇ. ಅದೇ ಪದ ಪೋರ್ಚುಗೀಸರ ಜೊತೆ ಬಂದು ಉರ್ದುವಿನ ಕಮ್ರಾ ಆಯಿತು. ಕತ್ತಲೆ ಕೋಣೆಗೆ ಸಣ್ಣ ರಂಧ್ರದಿಂದ ಬೆಳಕು ಬಂದರೆ ಹೊರಗಿನ ದೃಶ್ಯ ಗೋಡೆಯ ಮೇಲೆ ತಲೆಕೆಳಗಾಗಿ ಬೀಳುತ್ತದೆ. ಇದನ್ನು ಸುಮಾರು ಸಾವಿರ ವರ್ಷದ ಹಿಂದೆ ಇಬ್ನ್ ಅಲ್-ಹೈಸಮ್ ಪರೀಕ್ಷೆ ಮಾಡಿ ಬರೆದಿಟ್ಟರು. ಫೋಟೋ ಅಂದರೆ ಆ ಕೋಣೆಯೊಳಗೆ ನಿಜವಾಗಿ ಬಂದ ಬೆಳಕು. ಎಐ ಚಿತ್ರದಲ್ಲಿ ಯಾವ ಕೋಣೆಗೂ ಯಾವ ಬೆಳಕೂ ಬಂದಿರುವುದಿಲ್ಲ.

ಆದರೂ ತೀರ್ಪುಗಾರರಿಗೆ ಮೋಸ ಗೊತ್ತಾಗುತ್ತದೆಯೇ? ಪ್ರತಿಸಲವೂ ಗೊತ್ತಾಗುವುದಿಲ್ಲ. 2023ರಲ್ಲಿ ಸೋನಿ ವರ್ಲ್ಡ್ ಫೋಟೋಗ್ರಫಿ ಅವಾರ್ಡ್ಸ್‌ನ ಒಂದು ವಿಭಾಗದಲ್ಲಿ ಜರ್ಮನಿಯ ಬೋರಿಸ್ ಎಲ್ಡಾಗ್ಸೆನ್ ಗೆದ್ದರು. ಆಮೇಲೆ ಅದು ಎಐ ಚಿತ್ರ ಎಂದು ತಾವೇ ಹೇಳಿ ಬಹುಮಾನ ಬೇಡವೆಂದರು. ಮರುವರ್ಷ ಮೈಲ್ಸ್ ಆಸ್ಟ್ರೇ ಎಂಬುವರು ಇದನ್ನೇ ತಿರುಗಿಸಿದರು. ನಿಜವಾದ ಒಂದು ಫ್ಲೆಮಿಂಗೋ ಹಕ್ಕಿಯ ಫೋಟೋವನ್ನು ಬೇರೊಂದು ಸ್ಪರ್ಧೆಯ ಎಐ ವಿಭಾಗಕ್ಕೆ ಕಳಿಸಿದರು. ಅದಕ್ಕೆ ಬಹುಮಾನವೂ ಬಂತು, ನಿಜ ತಿಳಿದ ಮೇಲೆ ವಾಪಸ್ಸೂ ಹೋಯಿತು. ಈಗ ಹಲವು ಸ್ಪರ್ಧೆಗಳಲ್ಲಿ ಗೆದ್ದವರು ಕ್ಯಾಮೆರಾದಿಂದ ಬಂದ ಮೂಲ ಫೈಲನ್ನು ತೋರಿಸಬೇಕು. ಎಡಿಟ್ ಮಾಡಿ ಮೂಲ ಚಿತ್ರವನ್ನು ಡಿಲೀಟ್ ಮಾಡುವ ಅಭ್ಯಾಸ ಇರುವವರು ಇವತ್ತೇ ಬಿಡಿ.

ಪ್ರಕೃತಿ ವಿಭಾಗದ ನಿಯಮ ಮೈಸೂರಿನವರಾದ ನಮಗೆ ಹೆಚ್ಚು ಕಷ್ಟ. ನಮ್ಮ ಕ್ಲಾಸಿನಲ್ಲಿ ಫೋಟೋ ಹುಚ್ಚು ಇರುವ ಎಲ್ಲರ ಮೊಬೈಲಿನಲ್ಲೂ ಕಾರಂಜಿ ಕೆರೆಯ ನವಿಲು ಇದೆ, ಮೃಗಾಲಯದ ಹುಲಿ ಇದೆ, ದಸರಾ ಆನೆ ಇದೆ. ವನ್ಯಜೀವಿ ಎಂಬ ವಿಭಾಗಕ್ಕೆ ಈ ಮೂರೂ ನಡೆಯುವುದಿಲ್ಲ! ಅಲ್ಲಿ ಪ್ರಾಣಿ ಯಾವ ಬಂಧನವೂ ಇಲ್ಲದೆ ತನ್ನ ಜಾಗದಲ್ಲಿ ಇರಬೇಕು. ಕಾರಂಜಿಯ ದೊಡ್ಡ ಬಲೆಯೊಳಗಿನ ಪಕ್ಷಿಧಾಮ ನಾವು ಒಳಗೆ ಓಡಾಡುವಷ್ಟು ವಿಶಾಲವಾಗಿದ್ದರೂ ಅದು ಪಂಜರವೇ. ಅಲಂಕಾರ ಮಾಡಿದ ಆನೆಯ ಮೇಲೆ ಅಂಬಾರಿ ಇದೆ, ಮಾವುತ ಇದ್ದಾನೆ, ಹಿಂದೆ ಜನ ಇದ್ದಾರೆ. ಅದು ಸಂಸ್ಕೃತಿಯ ಅಥವಾ ಪ್ರವಾಸದ ವಿಭಾಗಕ್ಕೆ ಸರಿ, ಪ್ರಕೃತಿಗೆ ಅಲ್ಲ. ಕುಂಡದ ಗುಲಾಬಿಯೂ ಇಲ್ಲ, ಏಕೆಂದರೆ ಅದು ಮನುಷ್ಯ ಬೆಳೆಸಿದ ಗಿಡ. ಆದರೆ ಹಳೆಯ ಕಟ್ಟಡದಲ್ಲಿ ತಾನಾಗಿ ಗೂಡು ಮಾಡಿಕೊಂಡ ಕಣಜಗೂಬೆ ನಡೆಯುತ್ತದೆ. ಮನುಷ್ಯನ ಜಾಗಕ್ಕೆ ಹೊಂದಿಕೊಂಡ ಕಾಡುಜೀವಿ ಎಂಬ ವಿನಾಯಿತಿ ಅದಕ್ಕಿದೆ.

ಹಾಗಾದರೆ ನಮಗೆ ಉಳಿಯುವುದೇನು? ಶ್ರೀರಂಗಪಟ್ಟಣದ ಪಕ್ಕದ ರಂಗನತಿಟ್ಟು ಇದೆ. ಸಲೀಂ ಅಲಿ ಅವರ ಮಾತಿನ ಮೇಲೆ ಮೈಸೂರು ಮಹಾರಾಜರು 1940ರಲ್ಲಿ ಅದನ್ನು ಪಕ್ಷಿಧಾಮವೆಂದು ಘೋಷಿಸಿದರು. ಅಲ್ಲಿನ ಹೆಜ್ಜಾರ್ಲೆ, ಕೊಕ್ಕರೆಗಳಿಗೆ ಬಲೆಯಿಲ್ಲ, ಬೇಕಾದಾಗ ಬರುತ್ತವೆ, ಹೋಗುತ್ತವೆ. ಅಷ್ಟು ದೂರ ಬೇಡವೆಂದರೆ ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ ಬೆಳಿಗ್ಗೆ ಆರೂವರೆಗೆ ಹೋಗಿ ನಿಲ್ಲಿ.

ಇಷ್ಟು ಬಿಗಿ ಯಾಕೆ ಎಂದು ಕೇಳಬಹುದು. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವನ್ಯಜೀವಿ ಸ್ಪರ್ಧೆಯಲ್ಲಿ 2009ರಲ್ಲಿ ಗೇಟು ಹಾರುವ ತೋಳದ ಚಿತ್ರ ಮೊದಲ ಬಹುಮಾನ ಪಡೆಯಿತು. ಆ ತೋಳ ಸಾಕಿದ್ದು ಇರಬಹುದು ಎಂಬ ತೀರ್ಮಾನಕ್ಕೆ ಬಂದು 2010ರ ಜನವರಿಯಲ್ಲಿ ಅದನ್ನು ರದ್ದು ಮಾಡಿದರು. ಅದೇ ಸ್ಪರ್ಧೆಯ 2017ರ ಇನ್ನೊಂದು ಚಿತ್ರದಲ್ಲಿದ್ದ ಇರುವೆಬಾಕ ಹುಲ್ಲು ತುಂಬಿದ ಸತ್ತ ಪ್ರಾಣಿ ಎಂದು ತಜ್ಞರು ಹೇಳಿದ್ದರಿಂದ 2018ರಲ್ಲಿ ಅದೂ ಹೋಯಿತು. ತೋಳ ಹಾರುವ ಒಂದೇ ಕ್ಷಣಕ್ಕಾಗಿ ಕಾಡಿನಲ್ಲಿ ತಿಂಗಳುಗಟ್ಟಲೆ ಕೂತವನಿಗೂ, ಸಾಕುಪ್ರಾಣಿಗೆ ಮಾಂಸ ತೋರಿಸಿ ಹಾರಿಸುವವನಿಗೂ ಒಂದೇ ಬಹುಮಾನ ಕೊಟ್ಟರೆ ಮೊದಲನೆಯವನಿಗೆ ಅನ್ಯಾಯ ತಾನೆ?

ಈಗ ನನ್ನ ಚಿತ್ರದ ವಿಷಯ. ಉದಯಗಿರಿಯ ನಮ್ಮ ಮನೆಯಲ್ಲಿ ನಾನಿ ಇದ್ದಾರೆ. ನಲವತ್ತು ವರ್ಷ ಅಗರಬತ್ತಿ ಹೊಸೆದಿದ್ದಾರೆ. ಮೆಷಿನ್ ಬಂದ ಮೇಲೆ ಕೈಯಲ್ಲಿ ಹೊಸೆಯುವ ಕೆಲಸ ಕಡಿಮೆಯಾಗಿದೆ, ಆದರೂ ಯಾರಾದರೂ ಮಾಲು ತಂದು ಕೊಟ್ಟರೆ ಈಗಲೂ ಮಣೆ ಮುಂದಿಟ್ಟು ಕೂರುತ್ತಾರೆ. ಬಿದಿರು ಕಡ್ಡಿ, ಕಪ್ಪು ಮಸಾಲೆ, ಒಂದು ಉರುಳು, ಮುಗಿಯಿತು. ಕಡ್ಡಿಯ ತುದಿಗೆ ಗುಲಾಬಿ ಬಣ್ಣ. ಸಾವಿರ ಕಡ್ಡಿಗೆ ಇಷ್ಟು ಎಂದು ಕೂಲಿ. ನಾನು ಕಿಟಕಿಯ ಬೆಳಕಿನಲ್ಲಿ ಅವರ ಕೈಗಳ ಫೋಟೋ ತೆಗೆದೆ. ಬೆರಳುಗಳು ಮಸಿಯಂತೆ ಕಪ್ಪು, ಉಗುರಿನ ಸುತ್ತ ಮಾತ್ರ ಬಿಳಿ. ನನ್ನ ಮೊಬೈಲಿನಲ್ಲಿ ಎಲ್ಲವನ್ನೂ ಕಪ್ಪು ಬಿಳುಪು ಮಾಡಿ ಒಂದು ಬಣ್ಣವನ್ನು ಮಾತ್ರ ಉಳಿಸುವ ಸೌಲಭ್ಯ ಇದೆ. ಗುಲಾಬಿ ತುದಿಗಳನ್ನು ಮಾತ್ರ ಉಳಿಸಿದರೆ ಚಿತ್ರ ತುಂಬಾ ಚೆನ್ನಾಗಿ ಕಾಣುತ್ತಿತ್ತು. ಆದರೆ ಕ್ಲಬ್‌ನ ನಿಯಮದಲ್ಲಿ ಹೀಗಿದೆ: ಇಡೀ ಚಿತ್ರಕ್ಕೆ ಒಂದೇ ಛಾಯೆ ಕೊಟ್ಟರೆ ಅದು ಏಕವರ್ಣ, ಕಪ್ಪು ಬಿಳುಪಿನಲ್ಲಿ ಒಂದು ಜಾಗಕ್ಕೆ ಮಾತ್ರ ಬಣ್ಣ ಬಿಟ್ಟರೆ ಅದು ಬಣ್ಣದ ಚಿತ್ರ. ಹಾಗಾಗಿ ಪೂರ್ತಿ ಕಪ್ಪು ಬಿಳುಪನ್ನೇ ಆರಿಸಿದೆ. ಹಿಂದೆ ಒಂದು ಪ್ಲಾಸ್ಟಿಕ್ ಬಕೆಟ್ಟು ಇತ್ತು. ಮುಕ್ತ ವಿಭಾಗದಲ್ಲಿ ಅಂಥದ್ದನ್ನು ಅಳಿಸಬಹುದು, ಪತ್ರಿಕಾ ಛಾಯಾಗ್ರಹಣದ ವಿಭಾಗದಲ್ಲಿ ಇದ್ದದ್ದು ಇದ್ದಂತೆಯೇ ಇರಬೇಕು. ಬಕೆಟ್ಟನ್ನು ಅಳಿಸಲು ನನಗೆ ಮನಸ್ಸಾಗಲಿಲ್ಲ. ಮಸಾಲೆ ಕಲಸುವ ನೀರು ಅದರಲ್ಲೇ ಇರುತ್ತದೆ.

ಮುಂದಿನ ನಿಯಮ: ಚಿತ್ರದಲ್ಲಿರುವ ವ್ಯಕ್ತಿಯ ಒಪ್ಪಿಗೆ ಪಡೆದಿದ್ದೇನೆ ಎಂದು ಬರೆದುಕೊಡಬೇಕು. ನಾನಿ ಮುಖದ ಫೋಟೋ ಬೇಡ ಎನ್ನುವವರು. ಕೈಗೆ ಅಡ್ಡಿಯಿಲ್ಲ ಅಂದರು. ಆಮೇಲೆ ಸ್ವಲ್ಪ ಯೋಚಿಸಿ, ‘ಇದನ್ನು ಯಾರು ನೋಡುತ್ತಾರೆ? ಎಲ್ಲಿ ಹಾಕುತ್ತಾರೆ?’ ಎಂದು ಕೇಳಿದರು. ಒಪ್ಪಿಗೆ ಕೇಳುವವರು ಈ ಎರಡು ಪ್ರಶ್ನೆಗೆ ಉತ್ತರ ಇಟ್ಟುಕೊಂಡೇ ಕೇಳಬೇಕು ಎಂದು ನನಗೆ ಆಗ ಅನಿಸಿತು. ನನಗೆ ಉತ್ತರ ಸಿಕ್ಕಿದ್ದು ಫಾರ್ಮುಗಳ ಹಿಂಬದಿಯಲ್ಲಿ.

ಕ್ಲಬ್‌ನ ಫಾರ್ಮಿನಲ್ಲಿ ಇದ್ದದ್ದು ಇಷ್ಟು: ಆಯ್ಕೆಯಾದ ಚಿತ್ರವನ್ನು ಪ್ರದರ್ಶನದಲ್ಲಿ ಮತ್ತು ಅದರ ಪುಸ್ತಕದಲ್ಲಿ ಹಾಕುತ್ತೇವೆ, ಹಕ್ಕು ತೆಗೆದವರದ್ದೇ. ಪ್ರವೇಶ ಶುಲ್ಕ ಉಂಟು, ಬಹುಮಾನ ಒಂದು ಪದಕ, ಒಂದು ಸರ್ಟಿಫಿಕೇಟು. ಕಂಪನಿಯ ಫಾರ್ಮಿನಲ್ಲಿ ಶುಲ್ಕ ಇಲ್ಲ, ಬಹುಮಾನ ದೊಡ್ಡ ಮೊತ್ತ. ಆದರೆ ಹನ್ನೊಂದನೇ ನಿಯಮದ ಪ್ರಕಾರ ಬಂದ ಎಲ್ಲ ಚಿತ್ರಗಳನ್ನೂ, ಗೆದ್ದವು ಮಾತ್ರವಲ್ಲ, ಸಂಸ್ಥೆ ಶಾಶ್ವತವಾಗಿ, ಜಗತ್ತಿನ ಎಲ್ಲಿ ಬೇಕಾದರೂ, ಜಾಹೀರಾತಿಗೂ ಬಳಸಬಹುದು, ಬೇರೆಯವರಿಗೆ ಮಾರಲೂಬಹುದು. ಇದನ್ನು ನಾನಿಗೆ ನಮ್ಮ ಭಾಷೆಯಲ್ಲಿ ಓದಿ ಹೇಳಿದೆ. ಅವರು ಕಡ್ಡಿ ಉರುಳಿಸುತ್ತಲೇ, ‘ಹಾತಾಂ ಮೇರೇ, ಪೈಸೇ ಕಿಸ್ಕೂ?’ ಅಂದರು. ಕೈ ನನ್ನದು, ದುಡ್ಡು ಯಾರಿಗೆ?

ಒಂದು ಲೆಕ್ಕ ಮಾಡಿ ನೋಡೋಣ. ಬಹುಮಾನಗಳ ಒಟ್ಟು ಮೊತ್ತ 50,000 ರೂಪಾಯಿ, ಬಂದ ಚಿತ್ರಗಳು 1,000 ಎಂದು ಇಟ್ಟುಕೊಳ್ಳಿ. ಒಂದು ಚಿತ್ರಕ್ಕೆ ಬಿದ್ದದ್ದು 50 ರೂಪಾಯಿ. ಆ 50 ರೂಪಾಯಿಗೆ ಅವರಿಗೆ ಸಿಕ್ಕಿದ್ದು ಎಂದೆಂದಿಗೂ ಮುಗಿಯದ ಬಳಕೆಯ ಹಕ್ಕು. ಮೂವರು ಗೆದ್ದರೆ ಉಳಿದ 997 ಜನರಿಗೆ ಏನೂ ಸಿಕ್ಕಿಲ್ಲ, ಚಿತ್ರ ಮಾತ್ರ ಹೋಗಿದೆ. ಉಚಿತ ಪ್ರವೇಶ ಅನ್ನುವುದು ಎಷ್ಟು ಉಚಿತ ಎಂದು ನಮ್ಮ ಅಕೌಂಟೆನ್ಸಿ ಪುಸ್ತಕಕ್ಕೂ ಕೇಳಬೇಕಾದ ಪ್ರಶ್ನೆ. ಹಾಗೆಂದು ಆ ಕಂಪನಿ ಮೋಸ ಮಾಡಿದೆ ಅನ್ನಲಾರೆ. ಎಲ್ಲವನ್ನೂ ಬರೆದೇ ಕೊಟ್ಟಿದ್ದಾರೆ.

ಕಾನೂನು ಏನು ಹೇಳುತ್ತದೆ? 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೋ ತೆಗೆದವರೇ ಅದರ ಕರ್ತೃ. ಮೊಬೈಲು ಯಾರದು ಎಂಬುದು ಮುಖ್ಯವಲ್ಲ. ನನ್ನ ಮೊಬೈಲಿನಲ್ಲಿ ನೀವು ತೆಗೆದರೆ ಕರ್ತೃ ನೀವು. 2012ರ ತಿದ್ದುಪಡಿಯ ನಂತರ ಫೋಟೋದ ಹಕ್ಕು ತೆಗೆದವರ ಜೀವಮಾನ ಮತ್ತು ಆಮೇಲೆ 60 ವರ್ಷ ಇರುತ್ತದೆ. ಅಂದರೆ ನನ್ನ ಮೊಮ್ಮಕ್ಕಳ ಕಾಲದವರೆಗೂ. ಹಕ್ಕನ್ನು ಬೇರೆಯವರಿಗೆ ಬರೆದುಕೊಡುವುದಾದರೆ ಲಿಖಿತವಾಗಿ, ಸಹಿಯೊಂದಿಗೆ ಇರಬೇಕು. ಎಷ್ಟು ಕಾಲ ಎಂದು ಬರೆಯದಿದ್ದರೆ 5 ವರ್ಷ ಎಂದೂ, ಎಲ್ಲಿ ಎಂದು ಬರೆಯದಿದ್ದರೆ ಭಾರತದೊಳಗೆ ಎಂದೂ ಕಾಯ್ದೆ ತಿಳಿಯುತ್ತದೆ. ಆದರೆ ‘ಶಾಶ್ವತವಾಗಿ’, ‘ಜಗತ್ತಿನಾದ್ಯಂತ’ ಎಂಬ ಎರಡು ಪದಕ್ಕೆ ನಾವೇ ಸಹಿ ಹಾಕಿದರೆ ಆ ರಕ್ಷಣೆ ಹೋಯಿತು. ಫಾರ್ಮಿನಲ್ಲಿ ಈ ಎರಡು ಪದಗಳನ್ನು ಹುಡುಕಿ, ಬೇರೆ ಏನೂ ಓದದಿದ್ದರೂ ಪರವಾಗಿಲ್ಲ.

ಇದರಲ್ಲಿ ಒಂದು ತಿರುವು ಇದೆ. ನಮ್ಮ ಮಾಮೂ ಮಗ, ನಾನು ಭಾಯಿಜಾನ್ ಅನ್ನುವವರು, ಮದುವೆ ಫೋಟೋ ತೆಗೆಯುತ್ತಾರೆ. ಅವರ ಬಳಿ ಒಂದು ನಿಕಾಹ್‌ನ ಅಪರೂಪದ ಚಿತ್ರ ಇದೆ, ವಧುವಿನ ತಂದೆ ಬಾಗಿಲ ಬಳಿ ಒಬ್ಬರೇ ನಿಂತಿರುವುದು. ಅದನ್ನು ಸ್ಪರ್ಧೆಗೆ ಕಳಿಸಬೇಕೆಂದು ಅವರಿಗೆ ಆಸೆ. ಆದರೆ ಬೇರೆ ಒಪ್ಪಂದ ಇಲ್ಲದಿದ್ದರೆ, ದುಡ್ಡು ಕೊಟ್ಟು ತೆಗೆಸಿದ ಫೋಟೋದ ಮೊದಲ ಒಡೆಯರು ತೆಗೆಸಿದವರೇ ಎಂದು ಅದೇ ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ಭಾಯಿಜಾನ್ ನಂಬಲಿಲ್ಲ, ಎರಡು ಸಲ ಓದಿಸಿದರು. ಈಗ ಆ ಕುಟುಂಬದವರನ್ನು ಕೇಳಿ ಬರವಣಿಗೆಯಲ್ಲಿ ಒಪ್ಪಿಗೆ ತರುತ್ತೇನೆ ಅಂದಿದ್ದಾರೆ.

ಕೊನೆಗೆ ಸಹಿ. ನಾನು 17 ವರ್ಷದವಳು. 18 ತುಂಬದವರ ಒಪ್ಪಂದ ಮೊದಲಿನಿಂದಲೇ ಅನೂರ್ಜಿತ ಎಂದು 1903ರಲ್ಲಿ ಮೊಹರಿ ಬೀಬಿ ಮತ್ತು ಧರ್ಮದಾಸ್ ಘೋಷ್ ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲ್ ತೀರ್ಪು ಕೊಟ್ಟಿತು. ಸಿಎ ಫೌಂಡೇಶನ್ ಓದುವವರೆಲ್ಲರಿಗೂ ಈ ಬೀಬಿಯ ಹೆಸರು ಬಾಯಿಪಾಠ. ಅದಕ್ಕೇ ಫಾರ್ಮಿನಲ್ಲಿ ಪೋಷಕರ ಸಹಿಗೆ ಜಾಗ ಇರುತ್ತದೆ. ಅಬ್ಬಾ ಕ್ಲಬ್‌ನ ಫಾರ್ಮಿಗೆ ಸಹಿ ಹಾಕಿದರು. ಕಂಪನಿಯದ್ದು ಇನ್ನೂ ನನ್ನ ಪುಸ್ತಕದೊಳಗೆ ಖಾಲಿ ಇದೆ. ಬಹುಮಾನದ ಮೊತ್ತ ಸೆಕೆಂಡ್ ಪಿಯುಸಿ ಫೀಸಿಗೆ ಸಾಕಾಗುತ್ತಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ. ಅಮ್ಮಿಗೆ ಇನ್ನೂ ಸ್ವಲ್ಪ ಬೇಸರ ಇದೆ. ಗೆದ್ದಿದ್ದರೆ ಎಂದು ಅವರು, ಗೆಲ್ಲದಿದ್ದರೂ ಚಿತ್ರ ಹೋಗುತ್ತಿತ್ತು ಎಂದು ನಾನು. ನಾನಿಯ ಕೈ ಯಾವುದೋ ಪ್ಯಾಕೆಟ್ಟಿನ ಮೇಲೆ ಅಚ್ಚಾಗಿ, ಅದೇ ಪ್ಯಾಕೆಟ್ಟಿಗೆ ಅವರು ಸಾವಿರದ ಲೆಕ್ಕದಲ್ಲಿ ಕಡ್ಡಿ ಹೊಸೆಯುವುದು ನನಗೆ ಇಷ್ಟವಾಗಲಿಲ್ಲ.

ಕಳಿಸುವ ವಿಧಾನದ ಬಗ್ಗೆ ಚುಟುಕಾಗಿ. ತೀರ್ಪುಗಾರರು ಸಾಮಾನ್ಯವಾಗಿ ಮೂವರು. ಪರದೆಯ ಮೇಲೆ ಚಿತ್ರ ಬಂದಾಗ ಮೂವರೂ ಬೇರೆಬೇರೆಯಾಗಿ ಅಂಕ ಕೊಡುತ್ತಾರೆ, ಕೂಡಿಸುತ್ತಾರೆ. ತೆಗೆದವರ ಹೆಸರು ಅವರಿಗೆ ಗೊತ್ತಾಗಬಾರದು. ಆದ್ದರಿಂದ ಚಿತ್ರದ ಮೂಲೆಯಲ್ಲಿ ನಿಮ್ಮ ಹೆಸರು ಬೇಡ. ಮೊಬೈಲ್ ತಾನಾಗಿ ಹಾಕುವ ಕಂಪನಿಯ ಗುರುತನ್ನೂ ಸೆಟ್ಟಿಂಗಿನಲ್ಲಿ ಆಫ್ ಮಾಡಿ. ಅಳತೆ ಹಲವು ಕಡೆ ಅಗಲ 1920, ಎತ್ತರ 1080 ಪಿಕ್ಸೆಲ್ ಮೀರಬಾರದು ಎಂದು ಇರುತ್ತದೆ. 4000ಕ್ಕೆ 3000 ಇರುವ ಅಡ್ಡ ಚಿತ್ರ 1440ಕ್ಕೆ 1080 ಆಗುತ್ತದೆ, ಅದನ್ನೇ ಉದ್ದಕ್ಕೆ ಹಿಡಿದು ತೆಗೆದಿದ್ದರೆ 810ಕ್ಕೆ 1080. ಉದ್ದದ ಚಿತ್ರ ಪರದೆಯ ಮೇಲೆ ಚಿಕ್ಕದಾಗಿ ಕಾಣುವುದು ಇದಕ್ಕೇ. ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸಿದರೆ ಅದು ಕುಗ್ಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿದರೆ ಇದ್ದಂತೆ ಹೋಗುತ್ತದೆ.

ನಮ್ಮ ಕಾಲೇಜಿನ ವಾರ್ಷಿಕೋತ್ಸವದಲ್ಲೂ ಈ ಸಲ ಫೋಟೋ ಸ್ಪರ್ಧೆ ಇಡುವ ಮಾತು ನಡೆದಿದೆ ಎಂದು ಕೇಳಿದೆ. ನಿಯಮ ಬರೆಯುವ ಉಪನ್ಯಾಸಕರಲ್ಲಿ ಮೂರು ವಿನಂತಿ. ಚಿತ್ರದ ಹಕ್ಕು ವಿದ್ಯಾರ್ಥಿಯದ್ದೇ ಎಂದು ಒಂದು ಸಾಲು ಸೇರಿಸಿ. ಕಾಲೇಜು ಆ ಚಿತ್ರವನ್ನು ಪ್ರವೇಶದ ಕರಪತ್ರದಲ್ಲಿ ಹಾಕುವುದಾದರೆ ಮೊದಲು ಕೇಳಿ. ಸಹಪಾಠಿಗಳ, ಅದರಲ್ಲೂ ಹುಡುಗಿಯರ ಫೋಟೋ ಇದ್ದರೆ ಅವರ ಮನೆಯವರ ಸಹಿಯ ಜೊತೆಗೆ ಅವರದೇ ಸಹಿಯನ್ನೂ ಕೇಳಿ. ಕ್ಲಬ್‌ನ ಫಾರ್ಮಿನ ಜೆರಾಕ್ಸ್ ಒಂದನ್ನು ಲೈಬ್ರರಿಯಲ್ಲಿ ಕೊಟ್ಟಿದ್ದೇನೆ. ಮುಂದಿನ ಸ್ಪರ್ಧೆಗೆ ಕಳಿಸುವ ಆಸೆ ಇರುವವರು ಮಧ್ಯಾಹ್ನ ಜೊಹರ್ ನಮಾಜಿನ ನಂತರದ ಬಿಡುವಿನಲ್ಲಿ ಬಂದರೆ ಒಟ್ಟಿಗೆ ಕೂತು ಓದೋಣ, ಹಿಂಬದಿಯಿಂದಲೇ ಶುರುಮಾಡೋಣ.